ದಿನಕ್ಕೊಂದು ಪಟ: ಒಂದು ಕೆರೆದಂಡೆಯ ಪ್ರಕರಣ

ಮಂಗಳೂರಿನಲ್ಲಿ ಕೆರೆಯೂ ಉಂಟಾ ಎಂದು ಹೊರಗಿನವರು ಕೇಳುತ್ತಾರೆ. ಕಡಲಿದೆ, ನೇತ್ರಾವತಿ ಇದೆ, ಫಲ್ಗುಣಿ ಇದೆ, ಮತ್ತೆ ಕೆರೆ ಎಲ್ಲಿ ಎಂಬ ಹಾಗೆ. ಉಂಟು. ಮಂಗಳಾದೇವಿಯ ಹತ್ತಿರ ಗುಜ್ಜರಕೆರೆ, ಕಾವೂರಿನಲ್ಲಿ ದೊಡ್ಡ ಕೆರೆ, ಕದ್ರಿ ದೇವಸ್ಥಾನದ ಸಾಲು ಕೆರೆಗಳು. ಎಮ್ಮೆಕೆರೆ ಎನ್ನುವ ಜಾಗದಲ್ಲಿ ಈಗ ಈಜುಕೊಳ ಬಂದಿದೆ, ಕೆರೆ ಹೆಸರಿನಲ್ಲಿ ಮಾತ್ರ ಉಳಿದಿದೆ.

ಈ ಪ್ರಕರಣ ನಡೆದದ್ದು ನಗರದೊಳಗಿನ ಒಂದು ಕೆರೆಯ ದಂಡೆಯಲ್ಲಿ. ಯಾವ ಕೆರೆ ಎಂದು ಹೇಳುವುದಿಲ್ಲ. ಜನರ ಹೆಸರೂ ಇಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಅಲ್ಲಿನವರಿಗೆ ಓದಿ ಹೇಳಿದೆ. ಬೇಡ ಅಂದ ಎರಡು ಸಂಗತಿಗಳನ್ನು ತೆಗೆದಿದ್ದೇನೆ.

ನನ್ನ ಕೆಲಸ ಊರಿನ ಹಳೆಯ ಕುಟುಂಬ ಫೋಟೋಗಳನ್ನು ಸ್ಕ್ಯಾನ್ ಮಾಡಿ ಜೋಪಾನ ಮಾಡುವುದು. ಫೋಟೋ ಎಂದರೆ ನನಗೆ ತುಂಬ ಪ್ರೀತಿ. ಹಾಗಾಗಿಯೇ ಈ ಪ್ರಕರಣ ನನ್ನನ್ನು ಜಾಸ್ತಿ ಕಾಡಿತು. ಒಳ್ಳೆಯ ಮನಸ್ಸಿನಿಂದ ಶುರುವಾದ ಕೆಲಸ ಒಬ್ಬರ ಕೂಲಿಗೆ ಕುತ್ತು ತಂದಿತು. ಅದನ್ನು ಸರಿಮಾಡಲು ಹೋದ ನಾನೂ ಒಮ್ಮೆ ಎಡವಿದೆ. ದಿನವೂ ಫೋಟೋ ತೆಗೆಯುವ ಬೇರೆಯವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಹಿನ್ನೆಲೆ

ಫೋಟೋ ತೆಗೆದವರು ಹೈಸ್ಕೂಲಿನಿಂದ ನಿವೃತ್ತರಾದ ಅಧ್ಯಾಪಕಿ. ದಂಡೆಯ ಎಲ್ಲರಿಗೂ ಅವರು ಟೀಚರ್. ನಾನೂ ಹಾಗೇ ಕರೆಯುತ್ತೇನೆ. ಮೇ 31ಕ್ಕೆ ನಿವೃತ್ತಿ, ಜೂನ್ 1ಕ್ಕೆ ಮೊದಲ ಫೋಟೋ. ಮಳೆ ಆಗಷ್ಟೇ ಹಿಡಿದಿತ್ತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಹೊರಗಿನ ಫೋಟೋ ಕೆಲಸವನ್ನು ಜೂನ್ ಒಂದಕ್ಕೆ ಯಾರಾದರೂ ಶುರುಮಾಡುತ್ತಾರಾ ಎಂದು ಮನೆಯವರು ಕೇಳಿದರಂತೆ. ಟೀಚರ್‌ಗೆ ಜೂನ್ ಎಂದರೆ ಶಾಲೆ ಶುರುವಾಗುವ ತಿಂಗಳು. ಬೇರೆ ತಾರೀಕು ಅವರಿಗೆ ತೋಚಲೇ ಇಲ್ಲ.

ದಂಡೆಯಲ್ಲಿ ಐವತ್ತರ ಹತ್ತಿರ ಮನೆಗಳು. ತುಳು ಮಾತಾಡುವವರು ಜಾಸ್ತಿ, ಕೊಂಕಣಿಯವರು, ಬ್ಯಾರಿಗಳು, ಘಟ್ಟದ ಮೇಲಿನಿಂದ ಕೆಲಸಕ್ಕೆ ಬಂದು ನೆಲೆಸಿದ ನಾಲ್ಕೈದು ಕುಟುಂಬಗಳು. ಮುರಕಲ್ಲಿನ ಮೆಟ್ಟಿಲು, ಬಟ್ಟೆ ಒಗೆಯುವ ಕಲ್ಲುಗಳು, ಒಂದು ಅಶ್ವತ್ಥಕಟ್ಟೆ, ಅದರ ಪಕ್ಕದಲ್ಲಿ ಒಂದು ಗೂಡಂಗಡಿ. ಮಧ್ಯಾಹ್ನ ಹೆಂಗಸರು ಜಗಲಿಯಲ್ಲಿ ತಡ್ಪೆ (ಮೊರ) ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಾರೆ. ಸಂಜೆ ಬೀಡಿ ಬ್ರಾಂಚಿಗೆ ಕೊಡಲು ಹೋಗುತ್ತಾರೆ. ಮಕ್ಕಳು ಕಟ್ಟೆಯ ಮೇಲೆ ಹೋಂವರ್ಕ್ ಮಾಡುತ್ತಾರೆ.

ಟೀಚರ್ ಹತ್ತಿರ ಇದ್ದದ್ದು ಮಗ ಬಿಟ್ಟುಕೊಟ್ಟ ಹಳೆಯ ಫೋನ್. ದಿನಕ್ಕೆ ಒಂದೇ ಒಂದು ಫೋಟೋ ಎಂದು ನಿಯಮ ಹಾಕಿಕೊಂಡರು. ಆ ಮೊದಲ ತಿಂಗಳುಗಳ ಫೋಟೋಗಳನ್ನು ನಾನು ಎಷ್ಟು ಸಲ ನೋಡಿದ್ದೇನೋ. ಒಲೆಯ ಹತ್ತಿರ ಒಣಗಲು ಇಟ್ಟ ಶಾಲೆಯ ಶೂ, ಒಳಗೆ ತುರುಕಿದ ಉದಯವಾಣಿ ಹಾಳೆ. ಒಂದೇ ಕೊಡೆಯ ಕೆಳಗೆ ಮೂವರು. ಪತ್ರೊಡೆಗೆಂದು ಕೆಸುವಿನ ಎಲೆ ಕೊಯ್ಯುವ ಅಜ್ಜಿ, ತಲೆಗೆ ಪ್ಲಾಸ್ಟಿಕ್ ಗೊಬ್ಬೆ. ಗಾಳ ಹಾಕಿ ಕೂತವರ ಪಕ್ಕದಲ್ಲಿ ಅವರಿಗಿಂತ ತಾಳ್ಮೆಯಿಂದ ಕೂತ ಬೆಕ್ಕು.

ಜೂನ್, ಜುಲೈಯಲ್ಲಿ ಕೆರೆಗೆ ಗಾಳ ಹಾಕುವವರು ಜಾಸ್ತಿ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬೂತಾಯಿ, ಬಂಗುಡೆಯ ಬೆಲೆ ಏರುತ್ತದೆ. ಆಗ ಕೆರೆಯ ಮುಗುಡಿಗೆ ಮರ್ಯಾದೆ.

ಫೋಟೋ ತೆಗೆದ ಕೂಡಲೇ ಟೀಚರ್ ಅದನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತಿದ್ದರು. ಕೆಳಗೆ ಒಂದು ಸಾಲು, ಜೊತೆಗೆ ತಾರೀಕು, ಗಂಟೆ. ನೋಡುವವರು ಹಳೆಯ ವಿದ್ಯಾರ್ಥಿಗಳು, ಸಹೋದ್ಯೋಗಿಗಳು, ನೆಂಟರು. ದುಬೈಯಲ್ಲಿರುವ ಒಬ್ಬ ಹುಡುಗ ದಿನವೂ ಉತ್ತರ ಬರೆಯುತ್ತಿದ್ದ. ಸ್ಟೇಟಸ್ ಇಪ್ಪತ್ತನಾಲ್ಕು ಗಂಟೆಯಲ್ಲಿ ತಾನಾಗಿ ಹೋಗುತ್ತದೆ, ಅದರಲ್ಲೇನು ತೊಂದರೆ ಎಂದು ಅವರ ಲೆಕ್ಕ. ಬಹಳ ಜನರ ಲೆಕ್ಕವೂ ಅದೇ ಅಲ್ವಾ.

ಐವತ್ತೆರಡನೇ ದಿನ

ಜುಲೈ 22. ತುಳುವರ ಆಟಿ ತಿಂಗಳು. ಎರಡು ದಿನ ಬಿಡದೆ ಸುರಿದ ಮಳೆ ಅವತ್ತು ಬೆಳಿಗ್ಗೆ ಸ್ವಲ್ಪ ನಿಂತಿತ್ತು. ಕೆರೆಯ ಮೂಲೆಯಲ್ಲಿ ಒಬ್ಬರು ಗಾಳ ಹಾಕಿ ಕೂತಿದ್ದರು. ಮೋಡದ ನಡುವಿನಿಂದ ಬೆಳಕು ಅವರ ಹೆಗಲಿನ ಮೇಲೆ ಬಿದ್ದಿತ್ತು. ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಟೀಚರ್ ತೆಗೆದ ಒಳ್ಳೆಯ ಫೋಟೋಗಳಲ್ಲಿ ಅದೂ ಒಂದು ಎಂದು ನಾನು ಈಗಲೂ ಹೇಳುತ್ತೇನೆ. ಕೆಳಗೆ ಬರೆದರು: ‘ಇವತ್ತು ಬೆಳಿಗ್ಗೆ 10.20, ಮಳೆ ನಿಂತ ಹೊತ್ತು.’

ಅವರನ್ನು ಇಲ್ಲಿ ಗಾಳದ ಅಣ್ಣ ಎಂದು ಕರೆಯೋಣ. ಪೇಟೆಯ ಒಂದು ಗೋಡೌನಿನಲ್ಲಿ ಲೋಡಿಂಗ್ ಕೆಲಸ. ಅವತ್ತು ಜ್ವರ ಎಂದು ರಜೆ ಹೇಳಿದ್ದರು. ಸ್ಟೇಟಸ್ ನೋಡಿದ ಹಳೆಯ ವಿದ್ಯಾರ್ಥಿಯೊಬ್ಬ ಚಂದ ಉಂಟು ಎಂದು ಅದರ ಸ್ಕ್ರೀನ್‌ಶಾಟ್ ತೆಗೆದು ಒಂದು ಗುಂಪಿಗೆ ಕಳುಹಿಸಿದ. ಅಲ್ಲಿಂದ ಇನ್ನೊಂದು ಗುಂಪಿಗೆ ಹೋಯಿತು. ಸಂಜೆಯೊಳಗೆ ಅದು ಗೋಡೌನಿನ ಮೇಸ್ತ್ರಿಯ ಫೋನಿನಲ್ಲಿತ್ತು. ತಾರೀಕು, ಗಂಟೆ, ಮುಖ ಎಲ್ಲವೂ ಸೇರಿ.

ಮರುದಿನದಿಂದ ಅವರಿಗೆ ಕೆಲಸ ಇಲ್ಲ.

ಅವತ್ತು ಅವರಿಗೆ ನಿಜವಾಗಿಯೂ ಜ್ವರ ಇತ್ತೋ, ಸುಮ್ನೆ ಒಂದು ದಿನ ಬೇಕಾಗಿತ್ತೋ, ನಾನು ಕೇಳಿಲ್ಲ. ಟೀಚರ್ ಕೂಡ ಕೇಳಿಲ್ಲ. ಕೇಳುವ ಹಕ್ಕು ನಮಗಿಲ್ಲ.

ಟೀಚರ್‌ಗೆ ವಿಷಯ ತಿಳಿದದ್ದು ಮೂರು ದಿನದ ನಂತರ, ಅದೂ ಗೂಡಂಗಡಿಯವರಿಂದ. ಅಷ್ಟರಲ್ಲಿ ದಂಡೆಯಲ್ಲಿ ಮಾತು ಹರಡಿತ್ತು. ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದವರು ಟೀಚರ್ ಬರುವುದು ಕಂಡರೆ ಒಳಗೆ ಹೋಗತೊಡಗಿದರು. ಬಾಗಿಲು ಹಾಕುವ ಸದ್ದು ತನಗೆ ಕೇಳಲಿ ಎಂದೇ ಹಾಕುತ್ತಿದ್ದರು ಎಂದು ಟೀಚರ್ ನನಗೆ ಹೇಳಿದರು. ಅದರ ಜೊತೆಗೆ, ಇಷ್ಟು ದಿನ ಯಾರೂ ಬಾಯಿಬಿಡದ ಇನ್ನೊಂದು ಬೇಸರವೂ ಹೊರಬಂತು. ಜೂನ್ ಕೊನೆಯ ಒಂದು ಫೋಟೋದಲ್ಲಿ ಒಗೆಯುವ ಕಲ್ಲಿನ ಹಿಂದೆ ಒದ್ದೆ ಬಟ್ಟೆಯಲ್ಲಿದ್ದ ಇಬ್ಬರು ಹೆಂಗಸರು ಸಣ್ಣದಾಗಿ ಕಾಣುತ್ತಿದ್ದರು. ಟೀಚರ್ ಅದನ್ನು ಗಮನಿಸಿರಲೇ ಇಲ್ಲ. ಆ ಹೆಂಗಸರು ಗಮನಿಸಿದ್ದರು.

ಏನೇನು ಮಾಡಿ ನೋಡಿದರು

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಫೋಟೋ ಅಳಿಸಿದರು. ಕ್ಷಮೆ ಕೇಳಲು ಗಾಳದ ಅಣ್ಣನ ಮನೆಗೆ ಹೋದರು. ಅವರು ಕೂರಿಸಿ ಚಹಾ ಕೊಟ್ಟರು, ಜಾಸ್ತಿ ಮಾತಾಡಲಿಲ್ಲ. ‘ನೀವು ಬೇಕೂಂತ ಮಾಡಿದ್ದಲ್ಲ ಟೀಚರ್, ನನಗೆ ಗೊತ್ತುಂಟು’ ಅಂದರು. ಅಷ್ಟೇ. ಟೀಚರ್ ಗೋಡೌನಿಗೂ ಹೋಗಿ ಮಾತಾಡಿದರು. ಪ್ರಯೋಜನವಾಗಲಿಲ್ಲ. ಅಳಿಸಿದ ಫೋಟೋ ಬೇರೆಯವರ ಫೋನಿನಲ್ಲಿ ಹಾಗೇ ಇತ್ತು.

ಈ ಹಂತದಲ್ಲಿ ಅವರು ನನಗೆ ಫೋನ್ ಮಾಡಿದರು. ನಿಲ್ಲಿಸಿಬಿಡಲಾ ಎಂದು ಕೇಳಿದರು. ನಾನು ಬೇಡ ಅಂದೆ. ಇನ್ನು ಕೆಲವು ವರ್ಷದಲ್ಲಿ ಆ ದಂಡೆ ಹೀಗೆ ಇರುವುದಿಲ್ಲ. ಗುಜ್ಜರಕೆರೆ, ಕಾವೂರು ಕೆರೆಗಳಿಗೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಅಭಿವೃದ್ಧಿ ಆದದ್ದನ್ನು ಎಲ್ಲರೂ ನೋಡಿದ್ದಾರೆ. ಈ ಕೆರೆಗೂ ಒಂದು ದಿನ ಬಂದೇ ಬರುತ್ತದೆ. ನನ್ನ ಕೈಗೆ ಬರುವ ಹಳೆಯ ಆಲ್ಬಮ್‌ಗಳಲ್ಲಿ ಮದುವೆ, ನಾಮಕರಣ, ಗೃಹಪ್ರವೇಶ ಇರುತ್ತವೆ. ಸೋಮವಾರದ ಬೆಳಿಗ್ಗೆ ಇರುವುದಿಲ್ಲ. ಟೀಚರ್ ಸೋಮವಾರಗಳನ್ನು ಹಿಡಿದಿಡುತ್ತಿದ್ದರು.

ಹಾಗಾಗಿ ಎರಡನೆಯ ಪ್ರಯತ್ನ: ಮನುಷ್ಯರೇ ಬೇಡ. ಆಗಸ್ಟ್ ತಿಂಗಳಿಡೀ ನೀರು, ಬೆಳ್ಳಕ್ಕಿ, ಮಿಂಚುಳ್ಳಿ, ನೀರಿನ ಮೇಲೆ ಹಬ್ಬುವ ಅಂತರಗಂಗೆ ಕಳೆ, ಮೆಟ್ಟಿಲು. ಜನ ಬಾರದ ಹಾಗೆ ಜಾಗ ಹುಡುಕಿ, ಮೂರನೇ ಮೆಟ್ಟಿಲಿನ ಮೇಲೆ ನಿಂತು ದಿನವೂ ಒಂದೇ ಚೌಕಟ್ಟಿನಲ್ಲಿ ತೆಗೆದರು. ಆ ಫೋಟೋಗಳು ಜೀವವಿಲ್ಲದವು ಎಂದು ಅವರಿಗೆ ಅನಿಸುತ್ತಿತ್ತು, ನನಗೂ ಅನಿಸಿತು. ಮುಂದೆ ಇವೇ ಕೆಲಸಕ್ಕೆ ಬಂದವು. ಅದನ್ನು ಆಮೇಲೆ ಹೇಳುತ್ತೇನೆ.

ಆಗಸ್ಟ್ ಕೊನೆಗೆ ಒಂದು ಸಣ್ಣ ಘಟನೆ. ಕೆಸುವಿನ ಎಲೆಯ ಅಜ್ಜಿ ಮೆಟ್ಟಿಲಿನ ಹತ್ತಿರ ಬಂದು ನಿಂತು ತುಳುವಿನಲ್ಲಿ ಕೇಳಿದರು, ‘ಇತ್ತೆ ಎಂಕ್ಲೆನ ಪಟ ದೆಪ್ಪುಜರಾ?’ ಈಗ ನಮ್ಮ ಫೋಟೋ ತೆಗೆಯುವುದಿಲ್ವಾ ಎಂದು. ಮನೆಯ ಬಾಗಿಲು ಹಾಕಿಕೊಂಡವರಲ್ಲಿ ಆ ಅಜ್ಜಿಯ ಸೊಸೆಯೂ ಇದ್ದರು. ಅಜ್ಜಿ ಮುಂದುವರಿಸಿದರು: ಜೂನಿನಲ್ಲಿ ನನ್ನ ಪಟ ತೆಗೆದಿರಿ, ಅದು ದುಬೈಗೆ ಹೋಯಿತಂತೆ, ನನಗೆ ಮಾತ್ರ ಯಾರೂ ತೋರಿಸಲಿಲ್ಲ.

ಟೀಚರ್ ಇದನ್ನು ಫೋನಿನಲ್ಲಿ ಹೇಳುವಾಗ ನಡುವೆ ಸುಮ್ಮನಾದರು. ಐವತ್ತೆರಡು ದಿನ ದಂಡೆಯವರ ಫೋಟೋ ತೆಗೆದಿದ್ದರು. ದಂಡೆಯಲ್ಲಿ ಒಬ್ಬರಿಗೂ ಅವುಗಳನ್ನು ತೋರಿಸಿರಲಿಲ್ಲ. ಅವರಲ್ಲಿ ಹೆಚ್ಚಿನವರ ನಂಬರ್ ಟೀಚರ್ ಫೋನಿನಲ್ಲಿ ಇರಲೇ ಇಲ್ಲ. ಒಗೆಯುವ ಕಲ್ಲಿನ ಆ ಇಬ್ಬರಿಗೂ ತಮ್ಮ ಫೋಟೋ ಸಿಕ್ಕಿದ್ದು ಯಾರದೋ ಫೋನಿನಿಂದ ಸುತ್ತಿ ಬಂದು.

ನನ್ನ ತಪ್ಪು ಸಲಹೆ

ಇನ್ನು ಮೇಲೆ ಒಪ್ಪಿಗೆ ಪತ್ರ ತೆಗೆದುಕೊಳ್ಳೋಣ ಎಂದು ಹೇಳಿದ್ದು ನಾನೇ. ಕನ್ನಡದಲ್ಲಿ ಒಂದು ಪುಟ ಬರೆದುಕೊಟ್ಟೆ. ಹೆಸರು, ಸಹಿ, ತಾರೀಕು, ಎಲ್ಲೆಲ್ಲಿ ಬಳಸಬಹುದು ಎಂಬುದಕ್ಕೆ ಟಿಕ್ ಹಾಕುವ ಚೌಕ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿದೆ, ನಾವು ಅದಕ್ಕೆ ತಕ್ಕ ಹಾಗೆ ನಡೆಯೋಣ ಎಂದು ಟೀಚರ್‌ಗೆ ವಿವರಿಸಿದೆ. ನನಗೆ ಅದು ಮರ್ಯಾದೆಯ ದಾರಿ ಅನಿಸಿತ್ತು.

ಹನ್ನೊಂದು ಮನೆಗೆ ಹೋದರು. ಒಂದೇ ಒಂದು ಸಹಿ ಸಿಗಲಿಲ್ಲ.

ಕಾರಣ ಎರಡು ದಿನದ ನಂತರ ಗೊತ್ತಾಯಿತು. ದಂಡೆಯ ಹಲವು ಮನೆಗಳಿಗೆ ಹಕ್ಕುಪತ್ರ ಇಲ್ಲ. ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಸಕ್ರಮ ಮಾಡಿಕೊಡಿ ಎಂದು ಕೆಲವರು ಹಾಕಿದ 94ಸಿಸಿ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಕೆರೆಯ ಪಕ್ಕದ ಮನೆ, ಕೈಯಲ್ಲಿ ಕಾಗದ, ಅದರಲ್ಲಿ ಫೋಟೋ ಎಂಬ ಪದ, ಕೆಳಗೆ ಸಹಿ ಮಾಡುವ ಗೆರೆ. ಒಕ್ಕಲೆಬ್ಬಿಸುವ ಸರ್ವೆ ಶುರುವಾಯಿತು ಎಂದು ಒಂದು ಮನೆಯಲ್ಲಿ ರಾತ್ರಿಯಿಡೀ ನಿದ್ದೆ ಮಾಡಲಿಲ್ಲವಂತೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆ ಮನೆಗೆ ನಾನೇ ಹೋಗಿ ಆ ಕಾಗದದಲ್ಲಿ ಏನಿದೆ ಎಂದು ಓದಿ ಹೇಳಿ, ಅವರ ಮುಂದೆಯೇ ಹರಿದು ಬಂದೆ.

ಹಗ್ಗ

ಕೊನೆಗೆ ದಾರಿ ಸಿಕ್ಕಿದ್ದು ಗೂಡಂಗಡಿಯಲ್ಲಿ. ಅಜ್ಜಿಗೆ ಕೊಡಲು ಟೀಚರ್ ಆ ಜೂನ್ ಫೋಟೋವನ್ನು ಸ್ಟುಡಿಯೋದಲ್ಲಿ 4×6 ಸೈಜಿಗೆ ಪ್ರಿಂಟ್ ಹಾಕಿಸಿದ್ದರು. ಅಜ್ಜಿ ಮನೆಯಲ್ಲಿ ಇರಲಿಲ್ಲ. ಅಂಗಡಿಯವರಲ್ಲಿ ಕೊಟ್ಟು ಹೋದರು. ಅಂಗಡಿಯವರು ಅದನ್ನು ಚಿಪ್ಸ್ ಪ್ಯಾಕೆಟ್ ತೂಗುಹಾಕುವ ಹಗ್ಗಕ್ಕೆ ಬಟ್ಟೆಯ ಕ್ಲಿಪ್ ಹಾಕಿ ಸಿಕ್ಕಿಸಿದರು. ಸಂಜೆಯೊಳಗೆ ದಂಡೆಯ ಅರ್ಧ ಜನ ಅದನ್ನು ನೋಡಿದ್ದರು. ನನ್ನದಿಲ್ವಾ ಎಂದು ಮೂವರು ಕೇಳಿದರು.

ಅಲ್ಲಿಂದ ನಿಯಮಗಳು ಒಂದೊಂದಾಗಿ ಬಂದವು. ಕೂತು ಬರೆದವಲ್ಲ, ಅಂಗಡಿಯ ಮುಂದೆ ನಿಂತು ಮಾತಾಡುತ್ತಾ ಆದವು. ಫೋಟೋ ಮೊದಲು ಹಗ್ಗಕ್ಕೆ ಬರಬೇಕು. ಒಂದು ವಾರ ಅಲ್ಲಿ ಇರಬೇಕು. ಅದರಲ್ಲಿ ಕಾಣುವವರು ಯಾರು ಬೇಕಾದರೂ ಅದನ್ನು ಹಗ್ಗದಿಂದ ತೆಗೆಯಬಹುದು. ಇಷ್ಟವಾದರೆ ಮನೆಗೆ ಒಯ್ಯಬಹುದು. ಹಾಗೆ ಒಯ್ಯುವಾಗ ‘ಬೇರೆಯವರಿಗೆ ತೋರಿಸಬೇಡಿ’ ಎಂದು ಅಂಗಡಿಯವರಿಗೆ ಒಂದು ಮಾತು ಹೇಳಿದರೆ ಸಾಕು, ಆ ಫೋಟೋ ಎಲ್ಲಿಗೂ ಹೋಗುವುದಿಲ್ಲ. ಕಾರಣ ಕೇಳುವಂತಿಲ್ಲ. ಸಹಿ ಇಲ್ಲ. ಮಕ್ಕಳ ಫೋಟೋ ಆದರೆ ಮನೆಯ ಹೆಂಗಸರು ಒಪ್ಪಬೇಕು. ಬೆಳಿಗ್ಗೆ ಎಂಟರ ಮೊದಲು ಒಗೆಯುವ ಕಲ್ಲಿನ ಕಡೆ ಫೋನ್ ಎತ್ತುವ ಹಾಗೇ ಇಲ್ಲ. ಈ ಕೊನೆಯದನ್ನು ಹೇಳಿದ್ದು ಜೂನ್ ಫೋಟೋದಲ್ಲಿ ಕಂಡ ಆ ಇಬ್ಬರು. ಹೇಳುವಾಗ ಒಬ್ಬರು ಟೀಚರ್ ಕೈ ಹಿಡಿದುಕೊಂಡಿದ್ದರು.

ಎಲ್ಲಕ್ಕಿಂತ ಮುಖ್ಯವಾದದ್ದು ತಡ. ಇವತ್ತಿನ ಫೋಟೋ ಇವತ್ತು ಯಾರಿಗೂ ಇಲ್ಲ. ಮೊದಲು ಒಂದು ವಾರ ತಡಮಾಡಿ ಹಗ್ಗಕ್ಕೆ ಹಾಕೋಣ ಅಂದುಕೊಂಡಿದ್ದರು. ಬೀಡಿ ಕಟ್ಟುವ ಅಕ್ಕ ಒಬ್ಬರು ಸಾಲದು ಅಂದರು. ‘ಒಂದು ವಾರದಲ್ಲಿ ಮಾತು ಆರುವುದಿಲ್ಲ ಟೀಚರ್. ಹದಿನೈದು ದಿನ ಆದರೆ ಯಾರು ಎಲ್ಲಿದ್ದರು ಅಂತ ಯಾರೂ ಕೇಳುವುದಿಲ್ಲ.’ ಹಾಗೆ ಹದಿನೈದು ದಿನ ಆಯಿತು. ಫೋಟೋದ ಕೆಳಗೆ ತಾರೀಕು, ಗಂಟೆ ಬರೆಯುವುದೂ ನಿಂತಿತು. ಅದು ಟೀಚರ್ ಪುಸ್ತಕದಲ್ಲಿ ಮಾತ್ರ.

ಇಲ್ಲಿ ನನಗೆ ನೆನಪಾದದ್ದು ನ್ಯೂಯಾರ್ಕಿನ ಜೇಮಿ ಲಿವಿಂಗ್‌ಸ್ಟನ್. 1979ರ ಮಾರ್ಚ್ 31ರಿಂದ 1997ರ ಅಕ್ಟೋಬರ್ 25ರವರೆಗೆ, ತೀರಿಕೊಂಡ ದಿನದವರೆಗೂ, ಅವರು ದಿನಕ್ಕೊಂದು ಪೊಲರಾಯ್ಡ್ ಫೋಟೋ ತೆಗೆದರು. ಹೊರಗಿನ ಜಗತ್ತು ಅವುಗಳನ್ನು ನೋಡಿದ್ದು ಅವರು ಹೋದ ಎಷ್ಟೋ ವರ್ಷಗಳ ನಂತರ, ಸ್ನೇಹಿತರು ಸೇರಿ ಜೋಡಿಸಿದಾಗ. ದಿನವೂ ತೆಗೆಯುವುದು ಒಂದು ಕೆಲಸ, ದಿನವೂ ತೋರಿಸುವುದು ಬೇರೆಯೇ ಕೆಲಸ. ನಮ್ಮ ಫೋನ್ ಇವೆರಡನ್ನೂ ಒಂದೇ ಗುಂಡಿಯಲ್ಲಿ ಸೇರಿಸಿಬಿಟ್ಟಿದೆ. ಟೀಚರ್ ಅದನ್ನು ಮತ್ತೆ ಬಿಡಿಸಬೇಕಾಯಿತು.

ಹಗ್ಗದಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯಿತು ಎಂದುಕೊಳ್ಳಬೇಡಿ. ಮನೆಯ ಪ್ರಿಂಟರಿನಲ್ಲಿ ತೆಗೆದ ಪ್ರಿಂಟ್‌ಗಳು ಸೆಪ್ಟೆಂಬರಿನ ತೇವಕ್ಕೆ ಬಣ್ಣ ಬಿಟ್ಟವು, ಮತ್ತೆ ಸ್ಟುಡಿಯೋಗೇ ಹೋಗಬೇಕಾಯಿತು. ಖರ್ಚು ಟೀಚರ್ ಪಿಂಚಣಿಯಿಂದ. ಡಿಸೆಂಬರಿನಲ್ಲಿ ಒಬ್ಬ ಹುಡುಗ ತನ್ನ ಅಕ್ಕನ ಫೋಟೋವನ್ನು ಹಗ್ಗದಿಂದ ತೆಗೆದು ಹರಿದ. ಅಕ್ಕನಿಗೆ ಅದು ಬೇಕಾಗಿತ್ತು. ಇಬ್ಬರಿಗೂ ಜಗಳ. ಫೋಟೋದಲ್ಲಿ ಇದ್ದವರಿಗೆ ಮಾತ್ರ ತೆಗೆಯುವ ಹಕ್ಕು, ಅಣ್ಣ ತಮ್ಮಂದಿರಿಗೂ ಇಲ್ಲ, ಗಂಡನಿಗೂ ಇಲ್ಲ ಎಂದು ಅಂಗಡಿಯವರು ಗಟ್ಟಿಯಾಗಿ ಹೇಳಿದರು. ಗಂಡನಿಗೂ ಇಲ್ಲ ಎಂಬ ಮಾತಿಗೆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಚರ್ಚೆಯಾಯಿತು. ನಿಯಮ ಮಾತ್ರ ಉಳಿಯಿತು. ಗುಂಪಿನ ಫೋಟೋದಲ್ಲಿ ಒಬ್ಬರು ಬೇಡ ಅಂದರೂ ಬೇಡ. ಇದರಿಂದ ದೀಪಾವಳಿಯ ಒಂದು ಅಪರೂಪದ ಫೋಟೋ ಹೋಯಿತು. ಬಲೀಂದ್ರನನ್ನು ಕರೆಯುವ ಹೊತ್ತು, ಹದಿನಾಲ್ಕು ಮುಖಗಳ ಮೇಲೆ ದೀಪದ ಬೆಳಕು. ನನಗೆ ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೂ ಅದು ಹೋದದ್ದು ಸರಿ.

ಮುಚ್ಚಿದ ಬಾಗಿಲುಗಳು ತೆರೆಯಲು ನವೆಂಬರ್ ಆಯಿತು. ಮೊದಲು ಕರೆದದ್ದು ಅಜ್ಜಿಯ ಸೊಸೆ. ತಡ್ಪೆಯಲ್ಲಿ ಬೀಡಿ ಎಲೆ ಕತ್ತರಿಸುತ್ತಾ, ‘ಕೈ ತೆಗೆಯಿರಿ ಟೀಚರ್, ಮುಖ ಬೇಡ’ ಅಂದರು. ಆ ಫೋಟೋದಲ್ಲಿ ಕತ್ತರಿ, ಬೆರಳು, ಉಗುರಿನ ಸಂದಿಯ ಹೊಗೆಸೊಪ್ಪಿನ ಪುಡಿ ಇವೆ. ಜನವರಿಯಲ್ಲಿ ಅವರು ಮುಖವೂ ಇರಲಿ ಅಂದರು. ಈ ಎರಡು ಫೋಟೋಗಳನ್ನು ಪಕ್ಕದಲ್ಲಿಟ್ಟು ನೋಡುವಾಗ ನನಗೆ ಆಗುವ ಸಂತೋಷ ಹೇಳಲು ಬರುವುದಿಲ್ಲ.

ಫೆಬ್ರವರಿಯ ಕೇಳಿಕೆ

ಎರಡನೆಯ ದೊಡ್ಡ ತಿರುವು ಬಂದದ್ದು ಹೊರಗಿನಿಂದ. ಕೆರೆ ಅಭಿವೃದ್ಧಿಯ ಪ್ರಸ್ತಾಪ ತಯಾರಿಸುತ್ತಿದ್ದ ಒಂದು ಗುಂಪಿನವರಿಗೆ ಟೀಚರ್ ಹತ್ತಿರ ದಿನದಿನದ ಫೋಟೋ ಇದೆ ಎಂದು ತಿಳಿಯಿತು. ತುಂಬ ಮರ್ಯಾದೆಯಿಂದ ಕೇಳಿದರು. ನಡೆಯುವ ದಾರಿ, ಬೇಲಿ, ದೀಪ ಎಲ್ಲ ಬರುತ್ತದೆ ಅಂದರು. ಅವರಿಗೆ ಬೇಕಾಗಿದ್ದದ್ದು ಬಟ್ಟೆ ಒಗೆಯುವುದು, ಗದ್ದಲ, ದಂಡೆಗೆ ತಾಗಿದ ಶೆಡ್‌ಗಳು, ಕಸ. ನೀರು ಹಾಳಾಗುವುದಕ್ಕೆ ದಂಡೆಯವರೇ ಕಾರಣ ಎಂದು ತೋರಿಸಲು.

ಟೀಚರ್ ಒಂದು ರಾತ್ರಿ ಯೋಚಿಸಿ ಇಲ್ಲ ಅಂದರು. ಹಗ್ಗದಲ್ಲಿ ಫೋಟೋ ಬಿಟ್ಟುಹೋದವರು ಬಿಟ್ಟದ್ದು ಇದಕ್ಕಲ್ಲ. ಚಂದದ ನೆನಪಿಗೆ ಎಂದು ಕೊಟ್ಟದ್ದನ್ನು ಮನೆ ಒಡೆಯುವ ಕಡತಕ್ಕೆ ಸೇರಿಸಲು ಆಗುತ್ತದಾ? ಕೇಳಿದವರಿಗೆ ಬೇಸರವಾಯಿತು. ಕೆರೆಯ ಹಿತ ನಿಮಗೆ ಬೇಡವಾ ಎಂಬ ಮಾತೂ ಬಂತು.

ಆ ಮಾತು ಟೀಚರ್‌ಗೆ ನಾಟಿತು. ಅವರು ಆಗಸ್ಟಿನ ಆ ಜೀವವಿಲ್ಲದ ಫೋಟೋಗಳನ್ನು ಹೊರಗೆ ತೆಗೆದರು. ಮೂರನೇ ಮೆಟ್ಟಿಲಿನಿಂದ, ಒಂದೇ ಚೌಕಟ್ಟು. ಜನರ ಫೋಟೋ ಮತ್ತೆ ಶುರುವಾದ ಮೇಲೂ ಆ ಅಭ್ಯಾಸವನ್ನು ಅವರು ಬಿಟ್ಟಿರಲಿಲ್ಲ. ದಿನಕ್ಕೆ ಒಂದೇ ಫೋಟೋ ಎಂಬ ತಮ್ಮದೇ ನಿಯಮ ಮುರಿದು ಎರಡನೆಯದಾಗಿ ಅದನ್ನು ತೆಗೆಯುತ್ತಿದ್ದರು. ಒಂದು ಭಾನುವಾರ ನಾವಿಬ್ಬರೂ ಆರು ತಿಂಗಳ ಆ ಸಾಲನ್ನು ಲ್ಯಾಪ್‌ಟಾಪಿನಲ್ಲಿ ಒಂದಾದ ಮೇಲೆ ಒಂದು ಓಡಿಸಿ ನೋಡಿದೆವು.

ಚೌಕಟ್ಟಿನ ಬಲಮೂಲೆಯಲ್ಲಿ ಮಳೆನೀರಿನ ಚರಂಡಿ ಕೆರೆಗೆ ಸೇರುವ ಬಾಯಿ ಕಾಣುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಅಲ್ಲಿಂದ ಕೆಂಪು ನೀರು. ಅದು ಸಹಜ. ಆದರೆ ಡಿಸೆಂಬರ್, ಜನವರಿಯಲ್ಲೂ ಅಲ್ಲಿಂದ ನೀರು ಬರುತ್ತಿತ್ತು, ಕಪ್ಪಗೆ. ಮಂಗಳೂರಿನಲ್ಲಿ ಜನವರಿಯಲ್ಲಿ ಮಳೆ ಬರುವುದು ಅಪರೂಪ. ಮಳೆಯಿಲ್ಲದ ದಿನ ಮಳೆನೀರಿನ ಚರಂಡಿಯಲ್ಲಿ ನೀರು ಬಂದರೆ ಅದು ಎಲ್ಲಿಯದು? ಯಾರದೋ ಒಳಚರಂಡಿಯದು. ಅಂತರಗಂಗೆ ಹಬ್ಬಿದ್ದೂ ಆ ಮೂಲೆಯಿಂದಲೇ. ಕೊಳಚೆಯಲ್ಲಿರುವ ಸಾರಜನಕ, ರಂಜಕ ಅದಕ್ಕೆ ಗೊಬ್ಬರ. ಒಗೆಯುವ ಕಲ್ಲುಗಳು ಇರುವುದು ಎದುರು ಬದಿಯಲ್ಲಿ. ಅಲ್ಲಿ ನೀರು ಕೊನೆಯವರೆಗೂ ತೆರೆದೇ ಇತ್ತು. ಸೋಪಿನ ನೀರಿನಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಅದೂ ಸ್ವಲ್ಪ ಸೇರಿರುತ್ತದೆ. ದೊಡ್ಡ ಪಾಲು ಎಲ್ಲಿಂದ ಎಂಬುದು ಮಾತ್ರ ಕಣ್ಣಿಗೆ ಕಾಣುತ್ತಿತ್ತು.

ಈ ಸಾಲನ್ನು ಟೀಚರ್ ದಂಡೆಯವರಿಗೆ ಮೊದಲು ತೋರಿಸಿದರು. ಆಮೇಲೆ ದಂಡೆಯವರೇ ಹತ್ತು ಜನ ಸೇರಿ ಸಂಬಂಧಪಟ್ಟ ಕಚೇರಿಗೆ ಒಯ್ದರು. ಫೈಲ್‌ಗಳನ್ನು ವಾಟ್ಸಾಪಿನಲ್ಲಿ ಫೋಟೋ ಆಗಿ ಕಳುಹಿಸಬೇಡಿ ಎಂದು ನಾನು ಹೇಳಿದ್ದೆ. ಹಾಗೆ ಕಳುಹಿಸಿದರೆ ಚಿತ್ರ ಸಣ್ಣದಾಗುತ್ತದೆ, ತೆಗೆದ ತಾರೀಕು, ಗಂಟೆಯ ದಾಖಲೆಯೂ ಒಳಗಿನಿಂದ ಅಳಿಸಿಹೋಗುತ್ತದೆ. ಪೆನ್‌ಡ್ರೈವಿನಲ್ಲಿ ಮೂಲ ಫೈಲ್ ಕೊಟ್ಟರು. ಜುಲೈಯಲ್ಲಿ ಕೆಡುಕು ಮಾಡಿದ ಅದೇ ತಾರೀಕು, ಗಂಟೆ ಇಲ್ಲಿ ಬೇಕಾಯಿತು.

ಮೂರು ಸಲ ಹೋಗಬೇಕಾಯಿತು. ಕೊನೆಗೆ ಚರಂಡಿಯ ಜಾಡು ಹಿಡಿದು ನೋಡಿದಾಗ ಮೇಲಿನ ರಸ್ತೆಯ ಒಂದು ಕಟ್ಟಡದ ಪೈಪ್ ಅದಕ್ಕೆ ಸೇರಿರುವುದು ಸಿಕ್ಕಿತು. ಅದನ್ನು ತಪ್ಪಿಸಿದರು. ಕಪ್ಪು ನೀರು ಕಡಿಮೆಯಾಯಿತು, ನಿಲ್ಲಲಿಲ್ಲ. ಇನ್ನೂ ಎಲ್ಲಿಂದಲೋ ಬರುತ್ತಿದೆ. ಅಭಿವೃದ್ಧಿಯ ಪ್ರಸ್ತಾಪ ಎಲ್ಲಿಗೆ ಬಂತು ಎಂಬ ಸುದ್ದಿ ದಂಡೆಗೆ ತಲುಪಿಲ್ಲ.

ಈ ಕೆಲಸ ಮಾಡುವವರಿಗೆ

ನನ್ನನ್ನು ಕೇಳಿದರೆ ಈ ಪ್ರಕರಣದ ಗಂಟು ಇರುವುದು ಕ್ಯಾಮೆರಾದಲ್ಲಿ ಅಲ್ಲ, ಸರದಿಯಲ್ಲಿ. ಫೋಟೋ ಯಾರದೋ ಅವರು ಅದನ್ನು ಮೊದಲು ನೋಡಬೇಕಿತ್ತು, ಅವರೇ ಕೊನೆಗೆ ನೋಡಿದರು. ಕೆಲವರು ನೋಡಲೇ ಇಲ್ಲ. ತಡ ಮತ್ತು ಹಗ್ಗ ಸೇರಿ ಆ ಸರದಿಯನ್ನು ತಿರುಗಿಸಿದವು. ಹದಿನೈದು ದಿನವೇ ಆಗಬೇಕೆಂದಿಲ್ಲ. ನಿಮ್ಮ ಊರಿನಲ್ಲಿ ಮಾತು ಆರಲು ಎಷ್ಟು ದಿನ ಬೇಕೋ ಅಷ್ಟು. ಅದನ್ನು ನೀವು ನಿರ್ಧರಿಸಬೇಡಿ, ಅಲ್ಲಿನವರನ್ನು ಕೇಳಿ.

ಒಪ್ಪಿಗೆ ಪತ್ರದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ. ಕಾಗದವನ್ನು ನೋಡಿದರೆ ಭಯವಾಗುವ ಜನರ ಮುಂದೆ ಕಾಗದ ಹಿಡಿಯುವುದು ಅವರಿಗೆ ರಕ್ಷಣೆಯಲ್ಲ. ಬೇಡ ಎನ್ನುವುದು ಸುಲಭವಾಗಿರಬೇಕು, ಒಬ್ಬರೇ ಬಂದು, ಯಾರಿಗೂ ಕಾರಣ ಹೇಳದೆ ಅನ್ನುವ ಹಾಗಿರಬೇಕು. ಕ್ಲಿಪ್ ಬಿಡಿಸುವಷ್ಟು ಸುಲಭ.

ಒಂದೇ ಜಾಗದಿಂದ ಒಂದೇ ಚೌಕಟ್ಟಿನ ಫೋಟೋ ದಿನವೂ ಒಂದು ತೆಗೆದಿಡಿ. ನೋಡಲು ಬೇಜಾರು ತರುತ್ತದೆ, ಇರಲಿ. ಆರು ತಿಂಗಳ ನಂತರ ಅದು ಏನು ಹೇಳುತ್ತದೆಂದು ತೆಗೆಯುವಾಗ ಗೊತ್ತಾಗುವುದಿಲ್ಲ. ಫೈಲಿಗೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಹೆಸರಿಡಿ, ತಾನಾಗಿ ಸಾಲಾಗಿ ಕೂರುತ್ತವೆ. ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ. ಟೀಚರ್ ಪ್ರತಿಗಳಲ್ಲಿ ಒಂದು ನನ್ನ ಮನೆಯ ಕಪಾಟಿನಲ್ಲಿದೆ, ಡಬ್ಬದೊಳಗೆ, ಸಿಲಿಕಾ ಜೆಲ್ ಪೊಟ್ಟಣದ ಜೊತೆ.

ಈಗಿನ ಸ್ಥಿತಿ

ಮೊದಲ ವರ್ಷ ಮುಗಿದಾಗ 341 ದಿನದ ಫೋಟೋಗಳಿದ್ದವು. ಉಳಿದ ದಿನಗಳು ಜ್ವರ, ಮಗಳ ಬಾಣಂತನ, ಮತ್ತು ಕೈ ಬಾರದ ಕೆಲವು ದಿನಗಳು. ಆ 341ರಲ್ಲಿ 38 ಯಾರಿಗೂ ತೋರಿಸುವಂತಿರಲಿಲ್ಲ. ಅವನ್ನು ಟೀಚರ್ ಅಳಿಸಿದ್ದಾರೆ, ನನ್ನ ಕಪಾಟಿನ ಪ್ರತಿಯಿಂದಲೂ. ಈಗ ಎರಡನೆಯ ವರ್ಷ. ಮಳೆಗಾಲಕ್ಕೆ ಹಗ್ಗ ಅಂಗಡಿಯ ಒಳಗೆ ಬಂದಿದೆ, ಬಾಳೆಗೊನೆಯ ಪಕ್ಕಕ್ಕೆ. ಪ್ರಿಂಟಿನ ಖರ್ಚಿಗೆ ಒಂದು ಡಬ್ಬ ಇಟ್ಟಿದ್ದಾರೆ. ಯಾರು ಹಾಕುತ್ತಾರೆ, ಎಷ್ಟು ಹಾಕುತ್ತಾರೆ ಎಂದು ಅಂಗಡಿಯವರು ನೋಡುವುದಿಲ್ಲ. ತಿಂಗಳ ಖರ್ಚಿನ ಮುಕ್ಕಾಲು ಪಾಲು ಅದರಲ್ಲಿ ಸಿಗುತ್ತದೆ.

ಗಾಳದ ಅಣ್ಣನಿಗೆ ಹಳೆಯ ಕೆಲಸ ಮತ್ತೆ ಸಿಗಲಿಲ್ಲ. ನಾಲ್ಕು ತಿಂಗಳು ಸಿಕ್ಕಿದ ಕೆಲಸ ಮಾಡಿ, ಈಗ ಬೇರೆ ಕಡೆ ಹೋಗುತ್ತಿದ್ದಾರೆ, ಕೂಲಿ ಮೊದಲಿಗಿಂತ ಕಡಿಮೆ. ಟೀಚರ್ ಎದುರು ಸಿಕ್ಕಿದರೆ ಮಾತಾಡುತ್ತಾರೆ. ಅವರ ಮಗಳು ಟೀಚರ್ ಹತ್ತಿರ ಇಂಗ್ಲಿಷ್ ಪಾಠಕ್ಕೆ ಬರುತ್ತಾಳೆ. ಹಗ್ಗದ ಮುಂದೆ ಮಾತ್ರ ಅವರು ಒಮ್ಮೆಯೂ ನಿಂತಿಲ್ಲ. ರಜೆಯ ದಿನ ಅದೇ ಮೂಲೆಯಲ್ಲಿ ಗಾಳ ಹಾಕಿ ಕೂರುತ್ತಾರೆ, ಪಕ್ಕದಲ್ಲಿ ಬೆಕ್ಕು. ಅವರು ಅಲ್ಲಿರುವಷ್ಟು ಹೊತ್ತು ಟೀಚರ್ ಫೋನನ್ನು ಚೀಲದಿಂದ ಹೊರಗೆ ತೆಗೆಯುವುದಿಲ್ಲ.